ಶುಕ್ರವಾರ ಹತ್ತೂವರೆಗೆ ನಿಂತ ಯಂತ್ರ

ಕಡಲಾಚೆಯ ಮರ್ಫಿ ಊರಿನ ಮನೆಯ ಗರಾಜಿನಲ್ಲಿ ಹಯಗ್ರೀವರು ತಾವೇ ಕಟ್ಟಿದ ಮರ ಕೆತ್ತುವ ಯಂತ್ರ ಶುಕ್ರವಾರ ಹತ್ತೂವರೆಗೆ ಸತ್ಯಾಗ್ರಹಕ್ಕೆ ಕೂತಿತು. ಮೈಸೂರಿನಿಂದ ತರಿಸಿದ ಒಂದೇ ಒಂದು ತೇಗದ ಹಲಗೆ ಅದರಡಿ ಬಿಗಿದಾಗಿತ್ತು. ಮಗಳು ಸುಚೇತಾಳ ಹಸೆಮಣೆ ಆಗಬೇಕಾದದ್ದು. ಅದರ ಮೇಲಿನ ಹಂಸದ ಕೆತ್ತನೆಗೆ ಎರಡು ಗಂಟೆ ಬೇಕು, ನಾಲ್ಕಕ್ಕೆ ವರಪೂಜೆಗೆ ಹೊರಡಬೇಕು.

ಲಾಸ್ ಕೊಲಿನಾಸಿನ ಆಫೀಸಿಗೆ ರಜೆ ಹಾಕಿ ನೆರವಿಗೆ ಬಂದಿದ್ದ ಧಾರವಾಡದ ಗೆಳೆಯ ಭೀಮಸೇನನ ಪ್ರಕಾರ ರೋಗದ ಮೂಲ ಒಂದೇ: ಯಂತ್ರಕ್ಕೆ ನಡೆನುಡಿ ಕಲಿಸುವ ಫೈಲನ್ನು ಹಯಗ್ರೀವರು ಆರು ವರ್ಷದಿಂದ ಕೈಯಾರೆ ತಿದ್ದುತ್ತ ಬಂದದ್ದು.

"ಇದು ಫೈಲ್ ಅಲ್ರಿ, ಅಜ್ಜಿ ಹೊಲಿದ ಕೌದಿ. ಬರೇ ತ್ಯಾಪಿ. ವಿಜರ್ಡ್ ಓಡಸ್ರಿ, ಅದು ಕೇಳಿದ್ದಕ್ಕ ಉತ್ರಾ ಕೊಡ್ರಿ, ಹೊಸಾ ಫೈಲ್ ತಾನ ಬರೀತದ, ಮುಗೀತು."

"ಅದು ಕೇಳೋದು ಹದಿನಾಲ್ಕೇ ಪ್ರಶ್ನೆ ಕಣಯ್ಯ. ನನ್ನ ಯಂತ್ರದ ಹತ್ರ ಇನ್ನೂರು ಉತ್ತರ ಇದೆ."

ವೈರು ಬದಲಿಸಿದರು, ಫ್ಯೂಸು ಕಿತ್ತರು. ಹನ್ನೊಂದೂವರೆಗೆ ಹಯಗ್ರೀವರು ಸೋತು ವಿಜರ್ಡ್ ಓಡಿಸಿದರು. ಫೈಲನ್ನು ಯಾರೋ ಕೈಯಿಂದ ತಿದ್ದಿದ್ದಾರೆ, ಅದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ವಿಜರ್ಡ್ ಕೇಳಿತು. ಆ 'ಯಾರೋ' ಅವರಿಗೆ ಚುಚ್ಚಿತು. ಭೀಮಸೇನ ಮಾತ್ರ ಸತ್ಯನಾರಾಯಣ ಕಥೆಯಲ್ಲಿ ಹೂವು ಹಾಕುವವನಂತೆ ಎಲ್ಲಕ್ಕೂ 'ಹೌದು' ಒತ್ತುತ್ತ ಹೋದ. ಯಂತ್ರ ಎದ್ದು ಹಂಸದ ಕೊಕ್ಕು ಕೆತ್ತಿತು.

ಕಾಫಿ ತಂದ ಹೆಂಡತಿ ಕೃಷ್ಣವೇಣಿ ಗಡಿಯಾರ ನೋಡಿದರು. "ರಾಹುಕಾಲದಲ್ಲಿ ಓಡ್ತಿದೆಯಲ್ಲ ಇದು?"

ಹಯಗ್ರೀವರು ಯಂತ್ರ ನಿಲ್ಲಿಸಿದರು. ಆಗ ನೆನಪಾಯಿತು. ಆರು ವರ್ಷದ ಹಿಂದೆ ರಾಹುಕಾಲದಲ್ಲಿ ಕೆತ್ತಿದ ಗಣೇಶನ ಪೀಠ ಸೀಳಿಹೋದಾಗ, ಹೆಂಡತಿಯ ಕಾಟ ತಾಳಲಾರದೆ, ರಾಹುಕಾಲದಲ್ಲಿ ಯಂತ್ರ ಅಲುಗಬಾರದೆಂದು ಫೈಲಿನಲ್ಲಿ ತಾವೇ ಒಂದು ಸಾಲು ಬರೆದಿದ್ದರು. ಆಮೇಲೆ ಕೆತ್ತಿದ್ದೆಲ್ಲ ರಾತ್ರಿ ಹೊತ್ತು, ಮರೆತೇ ಹೋಗಿತ್ತು. ಯಂತ್ರಕ್ಕೆ ಕಾಯಿಲೆ ಇರಲಿಲ್ಲ. ಹೇಳಿದ ಮಾತು ಕೇಳಿತ್ತು, ಅಷ್ಟೆ.

"ವಿಜರ್ಡು ಅದನ್ನ ಕೇಳಲೇ ಇಲ್ವಾ?" ಎಂದರು ಕೃಷ್ಣವೇಣಿ.

ಭೀಮಸೇನ ಮಾನ ಉಳಿಸಿಕೊಳ್ಳಲು ಫೋನು ತೆಗೆದು ಲೆಕ್ಕ ಹಾಕಿದ. ಹತ್ತೂವರೆಯಿಂದ ಹನ್ನೆರಡು ಎನ್ನುವ ಗೋಡೆಯ ಕ್ಯಾಲೆಂಡರು ಮೈಸೂರಿನದು; ಇಲ್ಲಿ ಸೂರ್ಯ ಹುಟ್ಟುವುದೇ ಏಳೂಕಾಲಿಗೆ. ಆದ್ದರಿಂದ ಇಲ್ಲಿನ ರಾಹುಕಾಲ ಹನ್ನೊಂದೂ ಐವತ್ತರಿಂದ ಒಂದೂ ಇಪ್ಪತ್ತರವರೆಗೆ. "ಕೊಕ್ಕಿಗೆ ದೋಷ ಇಲ್ರಿ ವೈನಿ."

ಕೃಷ್ಣವೇಣಿ ಅವನ ಲೆಕ್ಕವನ್ನು ಪೂರ್ತಿ ನಂಬಿದರು. ಅದೇ ಎಡವಟ್ಟಾಯಿತು.

"ಹಾಗಾದ್ರೆ ಎರಡೂ ರಾಹುಕಾಲ ಕಳೀಲಿ. ಹಲಗೆ ಮಗುಚಿ ಹಾಕಿ. ಕೊಕ್ಕು ಅಡಿಗಿರ್ಲಿ."

ಇಬ್ಬರು ಇಂಜಿನಿಯರುಗಳು ಅಕ್ಕಿ ಮೂಟೆಗಳ ಮೇಲೆ ಕೂತು ರಾಹುವನ್ನು ಕಾದರು. ಕಾಯುತ್ತಲೇ ಭೀಮಸೇನ ಲ್ಯಾಪ್‌ಟಾಪ್ ಎಳೆದುಕೊಂಡು ಫೈಲು ತೆರೆದ. ಮೈಸೂರಿಗೊಂದು, ಮರ್ಫಿಗೊಂದು, ರಾಹುಕಾಲದ ಎರಡು ಸಾಲು ಕೈಯಾರೆ ಕುಟ್ಟಿದ. ಒಂದೂ ಇಪ್ಪತ್ತಕ್ಕೆ ಯಂತ್ರ ತಾನಾಗಿ ಎದ್ದಿತು. ಮೂರೂವರೆಗೆ ಹಸೆಮಣೆ ಕಾರು ಹತ್ತಿತು.

ಹೊರಡುವ ಮುಂಚೆ ಭೀಮಸೇನ ಹಯಗ್ರೀವರನ್ನು ಪಕ್ಕಕ್ಕೆ ಕರೆದ.

"ಇನ್ನ ವಿಜರ್ಡ್ ಓಡಸಬ್ಯಾಡ್ರಿ ಮತ್ತ," ಎಂದ. "ನನ್ನ ತ್ಯಾಪಿ ಹೋಗ್ತಾವ."