ಏಡಿಯಿಲ್ಲದ ಏಡಿಸಾರು

ಪುಟ್ಟಗೌರಮ್ಮನಿಗೆ ಬಸಿರು ಏಳು ತಿಂಗಳು. ತವರಿಗೆ ಬಂದ ಮೂರನೆಯ ದಿನ ಜಗಲಿಯ ಕಂಬಕ್ಕೆ ಒರಗಿ ಕೂತವಳು, ಯಾರಿಗೂ ಅಲ್ಲವೆಂಬಂತೆ, "ಏಡಿಸಾರು ಉಣ್ಬೇಕು ಅನ್ನುಸ್ತದೆ ಕಣವ್ವ" ಎಂದಳು.

ರಾಗಿ ಕೇರುತ್ತಿದ್ದ ಅವ್ವ ಪುಟ್ಟತಾಯಮ್ಮ ಮೊರ ನಿಲ್ಲಿಸಿ ಮಗನ ಕಡೆ ನೋಡಿದಳು. ಪತ್ರಿಕೆ ಓದುತ್ತಿದ್ದ ಮರಿಸ್ವಾಮಿ ತಲೆ ಎತ್ತಲಿಲ್ಲ. ಬಾಡಿನ ಮಾತು ಬಂದಾಗಲೆಲ್ಲ ಆ ಮನೆಯಲ್ಲಿ ಹೀಗೊಂದು ಮೌನ ಬಂದು ಕೂರುವುದು ಹನ್ನೊಂದು ವರ್ಷದ ರೂಢಿ. ಮೈಸೂರಿನಲ್ಲಿ ಬಿ.ಎ. ಓದುವಾಗ ಮೇಷ್ಟ್ರೊಬ್ಬರು ಹೇಳಿದ್ದರು: ಸೊಪ್ಪು ಕಾಳು ಉಂಡು ಬದುಕುವವನ ಭಾರ ಭೂಮಿಗೆ ಕಡಿಮೆ, ಅವನಿಂದ ಯಾವ ಜೀವಕ್ಕೂ ಕೇಡಿಲ್ಲ. ಆ ಮಾತು ಅವನೊಳಗೆ ಇಳಿದು ಅಲ್ಲೇ ಉಳಿಯಿತು. ಅಂದಿನಿಂದ ಅವನ ಸಾರಿಗೆ ಬೇರೆ ಮಡಕೆ, ಬೇರೆ ಸೌಟು. "ಓದಿ ಓದಿ ಐನೋರಾಗ್ಬುಟ್ಟ ನನ್ ಮಗ" ಎಂದು ಅವ್ವ ನೆಂಟರ ಮುಂದೆ ನಗುತ್ತಿದ್ದಳು.

ಇವತ್ತು ಅವಳು ನಗಲಿಲ್ಲ. "ಬಸುರಿ ಬಯಕೆ ಕಣಪ್ಪ. ತೀರುಸ್ದಿದ್ರೆ ಹುಟ್ಟೋ ಕೂಸ್ಗೆ ಕಿವಿ ಸೋರ್ತದೆ. ನೀನು ಮುಟ್ಬ್ಯಾಡ, ಕರಿಯಪ್ಪನ್ಗೆ ಹೇಳು, ಗದ್ದೇಲಿ ಹಿಡ್ಕೊಡ್ತಾನೆ."

ಕರಿಯಪ್ಪ ಪಕ್ಕದ ಗದ್ದೆಯವನು, ಅಪ್ಪನ ಓರಗೆಯವನು. ನಾಲೆಯ ಏರಿ ಮೇಲೆ ಕೂತು ಬೀಡಿ ಸೇದುತ್ತಿದ್ದವನು ಮರಿಸ್ವಾಮಿಯ ಮಾತು ಕೇಳಿ ನಕ್ಕ.

"ಏಡೀನಾ? ಹೋದೊರ್ಸ ನೀನು ಔಸ್ದಿ ಹೊಡೆದ್ಯಲ್ಲ, ಅವತ್ಗೇ ಮುಗೀತು ಕಣ್ಲಾ ಅವುಗ್ಳ ಕಥೆ. ಬಿಲ ಬುಟ್ಟು ಬದಿನ್ ಮೇಲ್ ಬಂದು ಸತ್ವು. ಏಡಿ, ಮೀನು, ಕಪ್ಪೆ. ನಾನೇ ಮಂಕ್ರೀಲಿ ತುಂಬ್ಕಂಡೋಗಿ ಗುಂಡಿಗಾಕ್ದೆ."

"ನಂಗೆ ಹೇಳ್ಲೇ ಇಲ್ವಲ್ಲ."

"ನೀನೇನ್ ತಿನ್ನೋನಾ, ನಿಂಗ್ಯಾಕ್ ಹೇಳ್ಲಿ?" ಕರಿಯಪ್ಪ ಬೀಡಿಯ ಬೂದಿ ಕೊಡವಿದ. "ಅಲ್ಲ ಕಣ್ಲಾ, ಔಸ್ದಿ ಔಸ್ದಿ ಅಂತೀರಲ್ಲ, ಯಾರ್ ಕಾಯ್ಲೆಗ್ಲಾ ಅದು?"

"ಪೈರಿಗೆ ಹುಳ ಬಿದ್ದಿತ್ತು."

"ಪೈರು ವಾಸಿಯಾಯ್ತು ಬುಡು."

ಪೈರು ನಿಜಕ್ಕೂ ವಾಸಿಯಾಗಿತ್ತು. ಹಿಂದೆಂದೂ ಕಾಣದಷ್ಟು ಭತ್ತ ಬಂದಿತ್ತು. ಆದರೆ ಆ ವರ್ಷದಿಂದ, ಮಳೆ ಹುಯ್ದ ಮರುದಿನ ಕೂಡ ಗದ್ದೆ ಸದ್ದು ಮಾಡುತ್ತಿರಲಿಲ್ಲ. ಸಂಜೆ ಬದುವಿನ ಮೇಲೆ ಕೂತು ಮರಿಸ್ವಾಮಿ ಆ ಮೌನವನ್ನು ಕೇಳಿಸಿಕೊಂಡಿದ್ದ. ಅವನಿಗೆ ಅದು ಹಿಡಿಸಿತ್ತು. ಅದನ್ನು ಅವನು ನೆಮ್ಮದಿ ಎಂದುಕೊಂಡಿದ್ದ.

ಈಗ ಅದೇ ಬದುವಿನ ಮೇಲೆ ನಿಂತಾಗ, ಆಗಿನ ಎಂಟು ವರ್ಷದ ತಂಗಿ ಗೌರ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗಡಿಗೆ ಹಿಡಿದು ಹಿಂದೆ ಹಿಂದೆ ಬರುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ತಾನು ಬಿಲಕ್ಕೆ ಕೈ ಹಾಕಿದರೆ ಅವಳು ಉಸಿರು ಬಿಗಿ ಹಿಡಿಯುತ್ತಿದ್ದಳು. ಮರಿಸ್ವಾಮಿ ಬಗ್ಗಿ ಒಂದು ಬಿಲ ನೋಡಿದ. ಬಾಯಿಗೆ ಜೇಡ ಬಲೆ ಕಟ್ಟಿತ್ತು.

ಮರುದಿನ ಬೆಳಗ್ಗೆ ಸೈಕಲ್ಲು ಹತ್ತಿ ಆರು ಮೈಲಿ ತುಳಿದು ತೊಣ್ಣೂರು ಕೆರೆಗೆ ಹೋದ. ಕೆರೆಯ ನೀರು ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಎತ್ತಿನ ಮೈ ತೊಳೆಯುತ್ತಿದ್ದವನೊಬ್ಬ, "ಕಲ್ ಸಂದೀಲವೆ, ಕೈ ಹುಸಾರು" ಎಂದ. ಬಹಳ ಹೊತ್ತು ಅವನ ಕೈ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ತಂಗಿಯ ಮುಖ ನೆನೆದು ಸಂದಿಗೆ ಕೈ ಇಟ್ಟ. ಏಡಿಯ ಕೊಂಡಿ ಬೆರಳು ಕಚ್ಚಿತು, ರಕ್ತ ಬಂತು. ಆ ನೋವಿಗೆ ಅವನಿಗೆ ನಗು ಬಂದದ್ದು ಆಶ್ಚರ್ಯ. ಹನ್ನೊಂದು ವರ್ಷದ ಮೇಲೆ ಯಾರೋ ಗುರುತು ಹಿಡಿದು ಮಾತನಾಡಿಸಿದ ಹಾಗಿತ್ತು. ಮುಷ್ಟಿಗಾತ್ರದ ಒಂದೇ ಏಡಿಯನ್ನು ಒದ್ದೆ ಹುಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಊರಿಗೆ ತುಳಿದ.

ಮನೆಯಲ್ಲಿ ಅವ್ವ ಮಸಾಲೆ ಅರೆದಿಟ್ಟಿದ್ದಳು. ಏಡಿ ಕಾಲು ಕುಟ್ಟಿ ರಸ ಹಿಂಡಲು ಒರಳು ತೊಳೆದಿಟ್ಟಾಗಿತ್ತು. ಗೌರ ಚೀಲಕ್ಕೆ ಕೈ ಹಾಕಿ, ಚಿಪ್ಪು ಅದುಮಿ ಹಿಡಿದು ಹೊರಗೆ ತೆಗೆದಳು. ಸುಮ್ಮನೆ ರೂಢಿಯಂತೆ ಅದನ್ನು ಮಗುಚಿ ಹೊಟ್ಟೆ ನೋಡಿದಳು. ನೋಡಿದವಳು ಹಾಗೇ ಕೂತಳು.

ಹೊಟ್ಟೆಯ ಮುಚ್ಚಳದಡಿ ಎಳ್ಳಿನಷ್ಟಷ್ಟೇ ಮರಿಗಳು ಒಂದಕ್ಕೊಂದು ಅಂಟಿಕೊಂಡು ಮಿಜಿಗುಡುತ್ತಿದ್ದವು.

"ತಿರುಗ್ಸಿ ನೋಡ್ಲಿಲ್ವಾಣ್ಣ?"

ನೋಡಿರಲಿಲ್ಲ. ಏಡಿ ಹಿಡಿದ ಕೈ ಮೊದಲು ಹೊಟ್ಟೆ ನೋಡಬೇಕು, ಮರಿ ಹೊತ್ತಿದ್ದರೆ ಹಿಡಿದ ಬಿಲಕ್ಕೇ ಬಿಡಬೇಕು. ಅಪ್ಪ ಕಲಿಸಿಕೊಟ್ಟಿದ್ದ ಪಾಠ ಅದು. ತಿನ್ನುವವರೆಲ್ಲರಿಗೂ ಅದು ಗೊತ್ತಿತ್ತು.

"ತಿನ್ನೋದ್ ಬುಟ್ಟಾಗ ನೋಡೋದ್ನೂ ಬುಟ್ಬುಟ್ಟ" ಎಂದಳು ಅವ್ವ. ಬೈಗುಳವೇನಲ್ಲ, ಮೆಲ್ಲಗೇ ಹೇಳಿದಳು. ಆದರೂ ಮರಿಸ್ವಾಮಿಯ ಎದೆಯಲ್ಲಿ ಅದು ಮೇಷ್ಟ್ರ ಮಾತಿನ ಪಕ್ಕದಲ್ಲೇ ಹೋಗಿ ಕೂತಿತು.

ಗೌರ ಒಂದು ಕೈ ತನ್ನ ಹೊಟ್ಟೆಯ ಮೇಲಿಟ್ಟುಕೊಂಡು ಏಡಿಯನ್ನು ಅಣ್ಣನ ಕಡೆ ಚಾಚಿದಳು. "ನಂಗ್ ಬ್ಯಾಡ. ನಮ್ ಗದ್ದೆ ಬದೀಗೇ ಬುಟ್ಬುಡು. ಬರೋ ವರ್ಷ ಕೂಸ್ನ ಎತ್ಕಂಡು ಬತ್ತೀನಲ್ಲ, ಆಗ ಮರಿಗೊಳೂ ಬೆಳ್ದಿರ್ತವೆ."

ಅವನು ಗದ್ದೆಗೆ ಹೋದ. ಪೈರು ಹಸಿರಾಗಿ ನಿಂತಿತ್ತು, ಒಂದು ಎಲೆಗೂ ಹುಳದ ಗಾಯವಿಲ್ಲ. ಈ ವರ್ಷವೂ ಔಷಧಿ ಹೊಡೆದು ಹತ್ತು ದಿನವಾಗಿತ್ತು. ಅವನು ಬಗ್ಗಿ, ಏಡಿಯನ್ನು ನೀರಿನ ಅಂಚಿನವರೆಗೆ ತಂದ. ಅದರ ಕಾಲುಗಳು ನೀರಿಗಾಗಿ ತಡಕಾಡಿದವು. ಕೈ ಬಿಡಲು ಅವನಿಂದ ಆಗಲಿಲ್ಲ. ತನ್ನ ಅನ್ನದ ಗದ್ದೆ ಇದು. ಒಂದು ಜೀವವನ್ನೂ ಕೊಲ್ಲದೆ ಉಣ್ಣುತ್ತೇನೆಂದು ಇಷ್ಟು ವರ್ಷ ಉಂಡ ಅನ್ನ.

ಮತ್ತೆ ಸೈಕಲ್ಲು ಹತ್ತಿದ. ತೊಣ್ಣೂರಿನಲ್ಲಿ ಅದೇ ಕಲ್ಲಿನ ಮುಂದೆ ಕೂತು ಕೈ ಸಡಿಲಿಸಿದ. ಏಡಿ ಅಡ್ಡಡ್ಡ ಸರಿದು ಸಂದಿಗೆ ಹೋಯಿತು. ಆಮೇಲೂ ಅವನು ಕೂತೇ ಇದ್ದ. ಕೆರೆಯಂಚಿನಲ್ಲೊಂದು ಕಪ್ಪೆ ಕೂಗಿತು. ಅದಕ್ಕೆ ಇನ್ನೊಂದು ಓಗೊಟ್ಟಿತು. ಈ ಸದ್ದಿಗೆ ತಾನು ಇಷ್ಟು ಹಂಬಲಿಸಿದ್ದೆನೆಂಬುದು ಅವನಿಗೇ ಗೊತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದಾಗ ಗೌರ ಬಾಗಿಲಲ್ಲೇ ಇದ್ದಳು.

"ಬುಟ್ಟಾ?"

"ಬುಟ್ಟೆ ಕಣವ್ವ. ತೊಣ್ಣೂರ್ಗೆ. ನಮ್ ಗದ್ದೇಲಿ ಬದುಕ್ತಿರ್ಲಿಲ್ಲ."

ಅರೆದ ಮಸಾಲೆ ಕೆಡಬಾರದೆಂದು ಅವ್ವ ಅದನ್ನೇ ಹಾಕಿ, ದೊಡ್ಡ ಮಡಕೆಯಲ್ಲಿ ಹುರುಳಿಕಾಳಿನ ಸಾರು ಕುದಿಸಿದ್ದಳು. "ಕಿವಿ ಏನ್ ಸೋರಲ್ಲ ಬುಡು, ವಾಸ್ನೆ ಕುಡ್ದದಲ್ಲ ಕೂಸು" ಎನ್ನುತ್ತ ಮಗಳ ಮುದ್ದೆಗೆ ಸಾರು ಬಿಟ್ಟಳು. ಮಗನ ಚಿಕ್ಕ ಮಡಕೆಗೆ ಕೈ ಚಾಚಿದಾಗ, ಮರಿಸ್ವಾಮಿ ತಟ್ಟೆಯನ್ನು ಈಚೆಗೆ ಸರಿಸಿದ.

"ನಂಗೂ ಅದ್ರಲ್ಲೇ ಬುಡವ್ವ."

ಚಕ್ಕೆ ಲವಂಗ, ಕಾಯಿ, ಹುರಿದ ಈರುಳ್ಳಿ, ಎಲ್ಲವೂ ಅಂದಿನಂತೆಯೇ ಇತ್ತು. ಅವನ ನಾಲಿಗೆ ಮಾತ್ರ ಇನ್ನೊಂದನ್ನು ಹುಡುಕುತ್ತಿತ್ತು, ಗದ್ದೆ ಕೆಸರಿನ ಆ ಸಣ್ಣ ಸಿಹಿಯನ್ನು.

"ಏಡಿಸಾರ್ನಂಗೇ ಅದೆ, ಅಲ್ವಾಣ್ಣ?" ಎಂದಳು ಗೌರ, ತಟ್ಟೆಯಿಂದ ಕಣ್ಣೆತ್ತದೆ.

"ಹೂಂ" ಎಂದ ಅವನು. ಹೊರಗೆ ಗದ್ದೆಬಯಲು ಸುಮ್ಮನೆ ಬಿದ್ದುಕೊಂಡಿತ್ತು.