ತೊಳೆದು ಕೊಟ್ಟ ಕವರುಗಳು

ವಿದ್ಯಾರಣ್ಯಪುರದ ಆ ಬೀದಿಯಲ್ಲಿ ಬಟ್ಟೆ ಒಣಗಿಸುವ ತಂತಿಯ ಮೇಲೆ ಚಿಪ್ಸ್ ಕವರುಗಳನ್ನು ಒಣಹಾಕುವ ರೂಢಿ ತಂದವಳು ಯಶೋಧಾ. ಮೊದಮೊದಲು ನೋಡಿದವರು ನಕ್ಕರು. ತನ್ನ ಬನಿಯನ್ನಿನ ಪಕ್ಕದಲ್ಲೇ ಖಾರದ ಚಿಪ್ಸಿನ ಕವರೊಂದು ಕ್ಲಿಪ್ಪಿಗೆ ಸಿಕ್ಕಿ ಗಾಳಿಗೆ ಪಟಪಟ ಎನ್ನುತ್ತಿದ್ದುದನ್ನು ನೋಡಿ ಗಂಡ ಮುರುಗೇಶ, "ಇದಕ್ಕೆ ಇಸ್ತ್ರಿ ಯಾವಾಗ ಮಾಡ್ತೀಯ?" ಎಂದು ಕೇಳಿದ್ದ.

ಯಶೋಧಾ ನಗಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವ ಅವಳಿಗೆ ಈ ಕವರುಗಳ ಮೇಲೆ ಹಳೆಯ ಸಿಟ್ಟಿತ್ತು. ಹಿಂದೊಂದು ಮಳೆಗಾಲದಲ್ಲಿ ಬೀದಿಯ ಮೋರಿ ಕಟ್ಟಿಕೊಂಡು ಕೊಳಕು ನೀರು ಹೊಸ್ತಿಲು ದಾಟಿ ಒಳಗೆ ಬಂದು, ಗಿರಾಕಿಯೊಬ್ಬಳ ಮದುವೆ ಸೀರೆ ಹಾಳಾಗಿತ್ತು. ಮೋರಿಯಿಂದ ಕೆಲಸದವರು ಎಳೆದು ಹಾಕಿದ್ದರಲ್ಲಿ ಮುಕ್ಕಾಲು ಪಾಲು ಹೊಳೆಯುವ ಕವರುಗಳೇ. ಗುಜರಿಯವನೂ ಅವನ್ನು ಮುಟ್ಟುತ್ತಿರಲಿಲ್ಲ.

ಹಾಗಾಗಿ, ಬಿಸ್ಕತ್ತು ಮತ್ತು ಚಿಪ್ಸ್ ಮಾಡುವ ದೊಡ್ಡ ಕಂಪನಿಯ ಕಡೆಯಿಂದ ಸುಮಾ ಎಂಬ ಹುಡುಗಿ ಬಂದು ಬಾಗಿಲಲ್ಲಿ ನಿಂತಾಗ, ಯಶೋಧಾ ಮಷಿನ್ ನಿಲ್ಲಿಸಿ ಕೂತು ಕೇಳಿದಳು.

"ಈಗ ಕಾನೂನೇ ಹಾಗಿದೆ ಆಂಟಿ. ಯಾರು ಕವರ್‌ನಲ್ಲಿ ತುಂಬಿ ಮಾರ್ತಾರೋ ಅವರೇ ಅದನ್ನ ವಾಪಸ್ ತಗೊಂಡು ಒಂದು ದಾರಿ ಕಾಣಿಸ್ಬೇಕು. ನಮ್ಮ ಕಂಪನಿ ತಗೊಳ್ಳುತ್ತೆ. ನೀವು ತೊಳೆದು ಒಣಗಿಸಿ ಕೊಟ್ರೆ ಸಾಕು."

"ತಗೊಂಡು ಏನ್ಮಾಡ್ತೀರ?"

"ಕರಗಿಸಿ ಶೀಟ್ ಮಾಡ್ತಾರೆ. ಅದರಿಂದ ಸರ್ಕಾರಿ ಶಾಲೆಗೆ ಬೆಂಚು ಮಾಡ್ತಾರೆ."

ಬೆಂಚು ಎಂದದ್ದು ಯಶೋಧಾಳಿಗೆ ಹಿಡಿಸಿತು. ಅವಳು ರಾಜಾನುಕುಂಟೆ ಹತ್ತಿರದ ಹಳ್ಳಿಯ ಶಾಲೆಯಲ್ಲಿ ನೆಲದ ಮೇಲೆ ಕೂತು ಓದಿದವಳು.

ಅವಳು ಮನೆಮನೆಗೆ ಹೋದಳು. ಮೊದಲು ಒಪ್ಪಿದವಳು ಎದುರು ಮನೆಯ ರೆಹಾನಾ. ರೆಹಾನಾಳ ಮಾತು ಕೇಳಿ ಹಿಂದಿನ ಬೀದಿಯವರೂ ಒಪ್ಪಿದರು. ಕವರಿನ ಅಂಚು ಕತ್ತರಿಸಿ, ಬಿಚ್ಚಿ, ತೊಳೆದು, ಒಣಗಿಸಿ, ಒಂದರ ಮೇಲೊಂದು ಜೋಡಿಸಿ ಕಟ್ಟುವುದು. ಕಟ್ಟಲು ಯಶೋಧಾ ತನ್ನ ಬ್ಲೌಸ್ ಲೈನಿಂಗಿನ ಅಂಚುಗಳನ್ನು ಉದ್ದಕ್ಕೆ ಕತ್ತರಿಸಿ ಎಲ್ಲರಿಗೂ ಹಂಚಿದಳು. ಕೆಂಪು, ಗಿಳಿಹಸಿರು, ಅರಿಶಿನ ಬಣ್ಣದ ಪಟ್ಟಿ ಕಟ್ಟಿದ ಗಂಟುಗಳು ಕಂಪನಿಯ ವ್ಯಾನು ಬರುವ ದಿನ ಅವಳ ಜಗಲಿಯ ಮೇಲೆ ಸಾಲಾಗಿ ಕೂತಿರುತ್ತಿದ್ದವು.

ಮುಂದಿನ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಬೀದಿ ಇಡೀ ಟ್ಯಾಂಕರಿಗೆ ಕಾಯುವಂತಾಯಿತು. ಕವರು ತೊಳೆಯುವುದು ನಿಂತೇಹೋಗುತ್ತದೆ ಎಂದುಕೊಂಡಿದ್ದಳು ಯಶೋಧಾ. ನಿಲ್ಲಲಿಲ್ಲ. ಅಕ್ಕಿ ತೊಳೆದ ನೀರಿನಲ್ಲಿ ಕವರು ತೊಳೆದು, ಅದೇ ನೀರನ್ನು ಗಿಡಕ್ಕೆ ಹಾಕುವುದನ್ನು ಹೆಂಗಸರೇ ಕಂಡುಕೊಂಡರು. ರಂಜಾನ್ ತಿಂಗಳಲ್ಲಿ ರೋಜಾ ಉಪವಾಸವಿದ್ದ ರೆಹಾನಾ ಮಧ್ಯಾಹ್ನದ ಬಿಸಿಲಲ್ಲಿ ಬೋಗುಣಿ ಮುಂದೆ ಕೂತು ಕವರು ತೊಳೆಯುತ್ತಿದ್ದುದನ್ನು ಸುಮಾ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಲು ಕೇಳಿದಳು. ರೆಹಾನಾ ಸೆರಗಿನಿಂದ ಮುಖ ಮುಚ್ಚಿಕೊಂಡು, "ನಂದು ಬೇಡಮ್ಮ, ಯಶೋಧಕ್ಕನ್ನ ತೆಗಿ" ಎಂದಳು.

ಹಾಗೆ ಯಶೋಧಾಳ ವಿಡಿಯೋ ಆಯಿತು. ತಂತಿಯ ಕೆಳಗೆ ನಿಂತು ಅವಳು ಹೇಳಿದ ಮಾತು ಇಷ್ಟೇ: "ಅವರು ಮಾಡಿದ್ದನ್ನ ಅವರು ತಗೋತಾರೆ. ನಾವು ತೊಳೆದು ಕೊಡ್ತೀವಿ. ಇಬ್ರೂ ಸೇರಿದ್ರೆ ಬೀದಿ ಚೊಕ್ಕ." ಅದು ಎಲ್ಲೆಲ್ಲೋ ಓಡಾಡಿತು. ಅವಳ ಫೋಟೋ ದೊಡ್ಡದಾಗಿ ಅಚ್ಚಾಗಿ ಯಲಹಂಕದ ಒಂದು ಅಂಗಡಿಯ ಮುಂದೆ ನಿಂತಿತು. ತನ್ನ ಫೋಟೋ ಕಂಡರೆ ನಾಚಿಕೆಪಡುವ ಯಶೋಧಾ, ಅದನ್ನು ನೋಡಲೆಂದೇ ಒಂದು ಸಂಜೆ ಮುರುಗೇಶನ ಬೈಕಿನಲ್ಲಿ ಅಲ್ಲಿಗೆ ಹೋಗಿ ಬಂದಳು.

ಸುಮಾ ಅಷ್ಟರಲ್ಲಿ ಮನೆಯವಳಂತಾಗಿದ್ದಳು. ಬಂದಾಗಲೆಲ್ಲ ಮುದ್ದೆ ಸಾರು ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದಳು. ಅವಳ ನಿಶ್ಚಿತಾರ್ಥದ ಬ್ಲೌಸನ್ನು ಯಶೋಧಾ ತಾನೇ ಕೂತು ಕೈಕಸೂತಿ ಹಾಕಿ ಹೊಲಿದುಕೊಟ್ಟಳು.

ಆ ವರ್ಷ ಪಿತೃಪಕ್ಷದಲ್ಲಿ ಅವ್ವನಿಗೆ ಎಡೆ ಇಡಲು ಯಶೋಧಾ ತವರಿಗೆ ಹೋದಳು. ಅವ್ವನ ಸಮಾಧಿ ಇದ್ದದ್ದು ಹೊಲದ ಮೂಲೆಯಲ್ಲಿ, ಹಿಂದೆ ಇಟ್ಟಿಗೆ ಗೂಡಿಗೆಂದು ಮಣ್ಣು ತೆಗೆದು ಬಿಟ್ಟಿದ್ದ ದೊಡ್ಡ ಹಳ್ಳದ ಪಕ್ಕದಲ್ಲಿ. ಎಡೆ ತಟ್ಟೆ ಸಿದ್ಧವಾದಾಗ ಅಣ್ಣ ಅಶ್ವತ್ಥಪ್ಪ, "ಈ ಸಲ ಮನೇಲೇ ಇಕ್ಕಿದ್ರಾಯ್ತು. ಒಲದ ಕಡೆ ಓಗೋದು ಬ್ಯಾಡ, ಕೆಸ್ರು" ಎಂದ.

"ಕೆಸರಾದ್ರೇನು? ಅವ್ವಂಗೆ ಅಲ್ಲೇ ಇಡ್ಬೇಕು" ಎಂದು ಯಶೋಧಾ ತಟ್ಟೆ ಹಿಡಿದು ಹೊರಟೇಬಿಟ್ಟಳು. ಅತ್ತಿಗೆ ಮುನಿಕೃಷ್ಣಮ್ಮ ಗಂಡನ ಮುಖ ನೋಡಿ, ಹಿಂದೆಯೇ ಬಂದಳು.

ಹೊಲ ಕಾಣುವ ಮೊದಲೇ ವಾಸನೆ ಬಂತು. ಪ್ಲಾಸ್ಟಿಕ್ ಸುಟ್ಟ, ಗಂಟಲಿಗೆ ಹತ್ತುವ ಕಮಟು. ಹಳ್ಳದ ಒಂದು ಅಂಚಿನಿಂದ ಹೊಗೆ ಏಳುತ್ತಿತ್ತು. ಅವ್ವನ ಸಮಾಧಿಯ ಕಲ್ಲಿನ ಮೇಲೆ ಮಸಿ ಕೂತಿತ್ತು. ಯಶೋಧಾ ತಟ್ಟೆಯನ್ನು ಕಲ್ಲಿನ ಮೇಲಿಟ್ಟು ಹಳ್ಳದ ಅಂಚಿಗೆ ಹೋಗಿ ಇಣುಕಿದಳು.

ಹಳ್ಳ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಬೇರೆ ಕಸವೂ ಇತ್ತು. ಆದರೆ ಮೇಲೆಲ್ಲ ಅಂಚು ಕತ್ತರಿಸಿ, ಬಿಚ್ಚಿ, ಚಪ್ಪಟೆ ಮಾಡಿದ ಕವರುಗಳು. ಕೆಲವು ಕರಗಿ ಒಂದಕ್ಕೊಂದು ಅಂಟಿದ್ದವು. ಕೆಲವು ಕಟ್ಟಿದ್ದು ಕಟ್ಟಿದ ಹಾಗೇ ಬಿದ್ದಿದ್ದವು, ಕೆಂಪು ಪಟ್ಟಿ, ಗಿಳಿಹಸಿರು ಪಟ್ಟಿ. ಅವಳು ಕೂತುಕೊಂಡು ಕೈಗೆಟುಕಿದ ಒಂದು ಗಂಟನ್ನು ಮೇಲೆಳೆದಳು. ಕಟ್ಟಿದ್ದ ರೀತಿ ಅವಳದೇ, ಎರಡು ಸುತ್ತು ಹಾಕಿ ಹೂವಿನ ಕುಚ್ಚಿನಂತೆ ಬಿಗಿದದ್ದು. ಕವರುಗಳ ಒಳಮೈ ಕನ್ನಡಿಯಂತೆ ಸ್ವಚ್ಛವಾಗಿತ್ತು.

ಅವಳು ಫೋನು ತೆಗೆದು ಹಳ್ಳದ್ದೂ ಗಂಟುಗಳದ್ದೂ ಫೋಟೋ ತೆಗೆದುಕೊಂಡಳು. ಕೆಸರೆಂದು ಹೇಳಿದ್ದ ಅಣ್ಣ ಅಷ್ಟರಲ್ಲಿ ಬಂದು ದೂರದಲ್ಲಿ ನಿಂತ.

"ಅಣ್ಣ, ಏನಿದು?"

"ಅಳ್ಳ ತುಂಬುಸ್ತಾವ್ರೆ."

"ಯಾರು?"

"ಯಾವನೋ ಕಂಟ್ರಾಕ್ಟರು. ತುಂಬ್ಸಿ, ಮೇಲೆ ಮಣ್ಣಾಕಿ, ಮಟ್ಟ ಮಾಡ್ಕೊಡ್ತೀನಿ ಅಂದ. ಸುತ್ತ ಎಲ್ಲಾ ಲೇಔಟ್ ಆಯ್ತು. ಈ ಅಳ್ಳ ಇಂಗೇ ಬಾಯ್ಬಿಟ್ಕೊಂಡು ಬಿದ್ದಿದ್ರೆ ಯಾವನ್ ತಗಂತಾನೆ?"

"ಇವು ನಮ್ಮ ಬೀದಿವು ಅಂತ ನಿಂಗೆ ಗೊತ್ತಿತ್ತಾ?"

ಮುನಿಕೃಷ್ಣಮ್ಮ ಮೆಲ್ಲಗೆ ಹೇಳಿದಳು: "ಗಂಟು ನೋಡ್ದಾಗ್ಲೇ ಗೊತ್ತಾಯ್ತು ಕಣಮ್ಮ. ಇವು ನಮ್ ಯಶೋದಮ್ಮನ ಬಟ್ಟೆ ಚೂರು ಅಂತ ನಾನೇ ಏಳ್ದೆ."

"ಮತ್ತೆ ನನಗ್ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಏಳಿ ಏನ್ಮಾಡೋದು?" ಎಂದ ಅಶ್ವತ್ಥಪ್ಪ. "ಫೋನಾಗೆ ನಿನ್ ವಿಡಿಯೋ ನೋಡಿ ಊರೋರೆಲ್ಲ ಒಗಳ್ತಿದ್ರು. ನೀನೂ ಕುಸಿಯಾಗಿದ್ದೆ. ಇರ್ಲಿ ಬಿಡು ಅಂತ ಸುಮ್ಕಿದ್ದೆ."

ತನ್ನ ಖುಷಿಯನ್ನು ನೋಡಿಕೊಂಡು, ತಾನು ಕಟ್ಟಿದ ಗಂಟುಗಳನ್ನು ಅವ್ವನ ಪಕ್ಕದಲ್ಲೇ ಸುಡಲು ಬಿಟ್ಟುಕೊಂಡು, ಗೌರಿ ಹಬ್ಬಕ್ಕೆ ಬಂದು ತನ್ನ ಮನೆಯಲ್ಲಿ ಉಂಡು ಹೋಗಿದ್ದ ಅಣ್ಣ. ಯಶೋಧಾಳಿಗೆ ಜಗಳವಾಡಲೂ ಆಗಲಿಲ್ಲ. ಊಟಕ್ಕೆ ಕೂರದೆ ಹೊರಟು, ದೊಡ್ಡಬಳ್ಳಾಪುರ ರಸ್ತೆಯ ಬಸ್ ನಿಲ್ದಾಣದಲ್ಲಿ ನಿಂತು ಸುಮಾಳಿಗೆ ಫೋನ್ ಮಾಡಿದಳು. ಕಂಡದ್ದನ್ನೆಲ್ಲ ಹೇಳಿದಳು.

"ಆಂಟಿ, ಫೋಟೋ ತೆಗೆದ್ರಾ? ಯಾರಿಗಾದ್ರೂ ಕಳಿಸಿದ್ರಾ?"

ಅಯ್ಯೋ ಎನ್ನಲಿಲ್ಲ, ನಿಜವಾ ಎಂದು ಕೇಳಲಿಲ್ಲ.

"ನಿಂಗೂ ಗೊತ್ತಿತ್ತಾ ಸುಮಾ?"

"ಡೌಟ್ ಇತ್ತು ಆಂಟಿ. ಫ್ಯಾಕ್ಟರಿಗೆ ಲೋಡ್ ಪೂರ್ತಿ ಹೋಗ್ತಿಲ್ಲ ಅಂತ ಮೇಲಿನವರಿಗೆ ಹೇಳ್ದೆ. ಗುತ್ತಿಗೆ ಹಿಡಿದ ವೆಂಡರ್ ಕೈಗೆ ಕೊಟ್ಮೇಲೆ ನಮ್ಮ ಕೆಲಸ ಮುಗೀತು ಅಂದ್ರು. ನಾನು ಇನ್ನೇನ್ ಮಾಡ್ಲಿ?"

"ಬೆಂಚು?"

"ಒಂದೆರಡು ಮಾಡಿದ್ರು ಆಂಟಿ. ಫೋಟೋಗೆ."

ಯಶೋಧಾ ಫೋನ್ ಕೆಳಗಿಳಿಸಿದಳು. ಬಸ್ಸು ಬಂದು, ನಿಂತು, ಹೋಯಿತು. ಹತ್ತಬೇಕೆಂಬುದೇ ಅವಳಿಗೆ ಹೊಳೆಯಲಿಲ್ಲ.

ಬೀದಿಯವರಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಮಾರನೆಯ ದಿನ ಎಲ್ಲರನ್ನೂ ಜಗಲಿಗೆ ಕರೆದು ಫೋಟೋ ತೋರಿಸಿದಳು. ಒಬ್ಬಿಬ್ಬರು, ಹೋಗಲಿ ಬಿಡಿ, ಎಲ್ಲ ಕಡೆ ಇದೇ ಕಥೆ ಎಂದರು. ಒಬ್ಬಳು, ಆ ಹೊಲ ಯಾರದು ಎಂದು ಕೇಳಿದಳು. ಯಶೋಧಾ ಮುಚ್ಚಿಡಲಿಲ್ಲ. ನಮ್ಮಣ್ಣನದು ಎಂದಳು. ಅಲ್ಲಿಗೆ ಕೂತಿದ್ದವರ ಮುಖಗಳೇ ಬದಲಾದವು. ಇವಳಿಗೂ ಅದರಲ್ಲಿ ಪಾಲಿರಬೇಕು ಎಂದು ಯಾರೋ ಮೆಟ್ಟಿಲಿಳಿಯುತ್ತ ಹೇಳಿದ್ದು ಅವಳ ಕಿವಿಗೂ ಬಿತ್ತು.

ಎಲ್ಲರೂ ಎದ್ದುಹೋದ ಮೇಲೆ ರೆಹಾನಾ ಉಳಿದಳು. ಸಮಾಧಾನ ಹೇಳುತ್ತಾಳೆಂದು ಯಶೋಧಾ ಕಾದಳು.

"ಅಕ್ಕ, ರೋಜಾ ಇಟ್ಕೊಂಡು ನೀರಿನ ಮುಂದೆ ಕೂತು ತೊಳೆದೆ ನಾನು. ಮನೇಲಿ ನಮ್ಮವರು ಬೈದ್ರು, ಕುಡಿಯೋಕೇ ನೀರಿಲ್ಲ, ಕಸಕ್ಕೆ ಸ್ನಾನ ಮಾಡಿಸ್ತೀಯಾ ಅಂತ. ನಾನು ನಿಮ್ಮ ಹೆಸರು ಹೇಳಿ ಜಗಳ ಆಡಿದ್ದೆ."

"ನನಗೇನ್ ಗೊತ್ತಿತ್ತು ರೆಹಾನಾ?"

"ಗೊತ್ತಿರ್ಲಿಲ್ಲ, ನಂಬ್ತೀನಿ. ಆದ್ರೆ ಕಂಪನಿಯವರ ಮುಖ ನಾನು ನೋಡಿಲ್ಲ ಅಕ್ಕ. ನಾನು ನಂಬಿದ್ದು ನಿಮ್ಮನ್ನ."

ಅಷ್ಟು ಹೇಳಿ ಅವಳೂ ಹೋದಳು. ಯಶೋಧಾ ಅತ್ತದ್ದು ಆಗ.

ಮಾಲಿನ್ಯ ನಿಯಂತ್ರಣ ಕಚೇರಿಗೆ ದೂರು ಕೊಡುತ್ತೇನೆಂದಾಗ ಮುರುಗೇಶ ತಡೆಯಲಿಲ್ಲ, ಎಚ್ಚರಿಸಿದ. "ಮೊದಲು ಸಿಕ್ಕಾಕೊಳ್ಳೋದು ನಿಮ್ಮಣ್ಣ, ನೋಡ್ಕೋ."

"ನಾನು ಅಣ್ಣನ ಮೇಲೆ ಕೊಡ್ತಿಲ್ಲ. ಕಂಪನಿ ಮೇಲೆ ಕೊಡ್ತಿದೀನಿ" ಎಂದು ಅವಳು ಕಂಪನಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ಫೋಟೋಗಳ ಜೊತೆ ಕೊಟ್ಟು ಬಂದಳು.

ಅಧಿಕಾರಿಗಳು ಹೋಗಿ ನೋಡಿದರು. ಹಳ್ಳ ಸುಳ್ಳು ಹೇಳುವ ಹಾಗಿರಲಿಲ್ಲ. ಆದರೆ ಕಂಪನಿಯನ್ನು ಕೇಳಿದರೆ ವೆಂಡರನ್ನು ತೋರಿಸಿತು, ವೆಂಡರು ಸಾಗಣೆಯ ಕಂಟ್ರಾಕ್ಟರನ್ನು ತೋರಿಸಿದ, ಕಂಟ್ರಾಕ್ಟರು ಫೋನಿಗೇ ಸಿಗಲಿಲ್ಲ. ಓಡಿಹೋಗಲಾರದ್ದು ಜಮೀನೊಂದೇ. ನೋಟಿಸು ಅಶ್ವತ್ಥಪ್ಪನ ಹೆಸರಿಗೆ ಬಂತು.

ಅದೇ ವಾರ ಕಂಪನಿ ಒಂದು ಹೇಳಿಕೆ ಹೊರಡಿಸಿತು. ತಪ್ಪು ಮಾಡಿದ ವೆಂಡರನ್ನು ತೆಗೆದುಹಾಕಿದ್ದೇವೆ, ಜಾಗೃತ ನಾಗರಿಕರಾದ ಯಶೋಧಾ ಅವರಿಗೆ ಕೃತಜ್ಞರು ಎಂದಿತ್ತು. ಜೊತೆಗೆ ಅದೇ ತಂತಿಯ ಕೆಳಗಿನ ಫೋಟೋ. ಅದನ್ನು ನೋಡಿದ ಅಶ್ವತ್ಥಪ್ಪ ಫೋನ್ ಮಾಡಿದ.

"ಅವರ ಕೈಲಿ ಒಗಳಿಸ್ಕೊಳ್ಳಾಕೆ ನನ್ನ ಇಡ್ಕೊಟ್ಯಾ?"

"ಅಣ್ಣ, ನಾನು ನಿನ್ ಹೆಸರು ಬರೆದಿಲ್ಲ."

"ಬರೀದೆ ಬಂತಾ?" ಎಂದು ಅವನು ಇಟ್ಟುಬಿಟ್ಟ.

ವಿಚಾರಣೆಗೆ ಕರೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅದಕ್ಕೂ ಮೊದಲು ಕಂಪನಿಯ ಮ್ಯಾನೇಜರೊಬ್ಬ ಮನೆಗೆ ಬಂದ. ಸುಮಾ ಕೆಲಸ ಬಿಟ್ಟಳೆಂದು ಅವನಿಂದಲೇ ತಿಳಿದದ್ದು. ಅವನು ಬಹಳ ಮರ್ಯಾದೆಯಿಂದ ಮಾತಾಡಿದ. "ನೀವು ಕಣ್ಣಾರೆ ನೋಡಿದ್ದನ್ನ ಹೇಳಿದ್ರೆ ಸಾಕು ಮೇಡಂ. ಜಾಗ ಯಾರದು, ಬೆಂಕಿ ಎಲ್ಲಿತ್ತು, ಅಷ್ಟೇ."

ಯಶೋಧಾ ಆಯಿತೆಂದು ತಲೆಯಾಡಿಸಿ ಕಳಿಸಿದಳು.

ವಿಚಾರಣೆಯ ಕೋಣೆಯಲ್ಲಿ ಅಶ್ವತ್ಥಪ್ಪ ಒಂದು ಮೂಲೆಯ ಕುರ್ಚಿಯ ತುದಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ತಂಗಿ ಒಳಗೆ ಬಂದಾಗ ಕಿಟಕಿಯ ಕಡೆ ತಿರುಗಿಕೊಂಡ. ಅಧಿಕಾರಿ ಏನು ನೋಡಿದಿರಿ ಎಂದು ಕೇಳಿದಾಗ ಯಶೋಧಾ ಮನೆಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕಲಸಿಹೋದವು.

"ಸಾರ್, ಜಾಗ ನಮ್ಮಣ್ಣಂದೇ. ಅವನು ತಪ್ಪು ಮಾಡಿದಾನೆ. ಗೊತ್ತಿದ್ದೂ ನನಗೆ ಹೇಳ್ಲಿಲ್ಲ. ಆದ್ರೆ ಈ ಕವರು ಮಾಡಿದ್ದು ಅವನಲ್ಲ. ನಾವು ಇವನ್ನ ಅವನ ಕೈಗೆ ಕೊಡ್ಲಿಲ್ಲ. ಕಂಪನಿ ತಗೊಳ್ಳುತ್ತೆ ಅಂತ ಮನೆಮನೆಗೆ ಹೇಳಿಸಿದ್ರು, ನನ್ ಕೈಲೇ ಹೇಳಿಸಿದ್ರು. ಕಂಪನಿ ವ್ಯಾನಿಗೇ ಕೊಟ್ವಿ. ಅಲ್ಲಿಂದಾಚೆಗೆ ಯಾರ ಕೈಗೆ ಹೋದ್ರೂ ಅದು ಅವರದೇ ಅಲ್ವಾ ಸಾರ್?"

ಕಂಪನಿಯ ವಕೀಲರು ಎದ್ದು, ಇದು ಅವರ ಅಭಿಪ್ರಾಯ ಎಂದರು. ಅಧಿಕಾರಿ ಏನೋ ಬರೆದುಕೊಂಡು, ಕಂಪನಿಗೂ ನೋಟಿಸು ಹೋಗಲಿ ಎಂದರು. ವಕೀಲರು ಉತ್ತರಿಸಲು ಕಾಲಾವಕಾಶ ಕೇಳಿದರು. ಕೊಟ್ಟರು. ಹಳ್ಳ ಖಾಲಿ ಮಾಡಿಸುವ ಆದೇಶ ಮಾತ್ರ ಅಶ್ವತ್ಥಪ್ಪನ ಮೇಲೆ ಹಾಗೇ ಉಳಿಯಿತು.

ಹೊರಗೆ ಮೆಟ್ಟಿಲ ಬಳಿ ಅವಳು ಅಣ್ಣನಿಗಾಗಿ ನಿಂತಳು.

"ಮನೆಗೆ ಬಂದು ಊಟ ಮಾಡ್ಕೊಂಡು ಹೋಗಣ್ಣ."

"ತಪ್ಪು ಮಾಡಿದಾನೆ ಅಂತ ಅಷ್ಟು ಜನದ ಎದ್ರಿಗೆ ಏಳ್ದಲ್ಲ" ಎಂದ ಅಶ್ವತ್ಥಪ್ಪ. ಅವಳು ಹೇಳಿದ ಉಳಿದ ಮಾತುಗಳು ಅವನಿಗೆ ಕೇಳಿಸಿಯೇ ಇರಲಿಲ್ಲವೋ ಏನೋ. ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದ.

ಕಂಪನಿಯ ವ್ಯಾನು ಆ ಬೀದಿಗೆ ಮತ್ತೆ ಬರಲಿಲ್ಲ. ಹೆಬ್ಬಾಳದ ಕಡೆ ಬೇರೊಂದು ಬಡಾವಣೆಯಲ್ಲಿ ಇದೇ ಕೆಲಸ ಶುರುವಾಗಿದೆ ಎಂದು ಯಾರೋ ಹೇಳಿದರು. ಬೀದಿಯವರು ಕವರು ತೊಳೆಯುವುದನ್ನು ಬಿಟ್ಟರು.

ಯುಗಾದಿಗೆ ಸ್ವಲ್ಪ ಮೊದಲು ಒಂದು ಮಧ್ಯಾಹ್ನ ರೆಹಾನಾ ಬಂದಳು. ಎಷ್ಟೋ ತಿಂಗಳಿಂದ ಈ ಹೊಸ್ತಿಲು ತುಳಿದಿರಲಿಲ್ಲ. ಕೈಯಲ್ಲಿ ಒಂದು ತುಂಬಿದ ಚೀಲ.

"ಕೈ ಕೇಳಲ್ಲ ಅಕ್ಕ, ತೊಳೆದುಬಿಡ್ತೀನಿ. ಇವನ್ನ ಏನ್ಮಾಡೋದು ಈಗ?"

ಯಶೋಧಾ ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಗೊತ್ತಿಲ್ಲ ರೆಹಾನಾ. ನಂಗೆ ನಿಜವಾಗ್ಲೂ ಗೊತ್ತಿಲ್ಲ."

ರೆಹಾನಾ ಕುರ್ಚಿ ಎಳೆದುಕೊಂಡು ಕೂತಳು. ಟೀ ಇಡಲೇ ಎಂದು ಯಶೋಧಾ ಕೇಳಿದಳು. ಇಡಿ ಅಕ್ಕ ಎಂದಳು. ಇಬ್ಬರೂ ಕುಡಿದರು. ಹೋಗುವಾಗ ರೆಹಾನಾ ಚೀಲವನ್ನು ತಾನೇ ಎತ್ತಿಕೊಂಡು ಹೋದಳು.