ಬಿರುಕಿನ ತುದಿ

ಹೈರಮ್ ಕೋಲ್ಟರ್ ಎಂಬಾತ ಯಾರೆಂದು ಆ ಹೆಸರಿನ ಹಡಗಿನಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ರಿವೆಟ್ ಬಡಿಯುವಷ್ಟು ಪುರುಸೊತ್ತಿಲ್ಲವೆಂದು ಎರಡನೇ ಮಹಾಯುದ್ಧದ ಅವಸರದಲ್ಲಿ ಉಕ್ಕಿನ ಹಾಳೆಗಳನ್ನು ಬೆಸೆದೇ ಕಟ್ಟಿದ ಸರಕು ಹಡಗು. ಮೂರ್ಮಾನ್ಸ್ಕ್‌ಗೆ ಟ್ಯಾಂಕು ಹೊತ್ತೊಯ್ದಿತು, ನೇಪಲ್ಸ್‌ಗೆ ಹೇಸರಗತ್ತೆ ಹೊತ್ತೊಯ್ದಿತು, ಆಮೇಲೆ ಯಾವುದೋ ನದಿಯಲ್ಲಿ ತುಕ್ಕು ಹಿಡಿಯುತ್ತ ನಿಂತಿತು. ಕೊರಿಯಾದಲ್ಲಿ ಗುಂಡು ಹಾರಿದಾಗ ಸೈನ್ಯಕ್ಕೆ ಅದರ ನೆನಪಾಯಿತು. ಡೆಕ್ಕಿನ ಆಳುಗಳ ಮೇಸ್ತ್ರಿ ಲಿಂಡ್‌ಕ್ವಿಸ್ಟ್ ತಪಾಸಣೆಗೆ ಮುಂಚೆ ಬೂದು ಬಣ್ಣ ಬಳಿದ. ಕದಲದ್ದಕ್ಕೆಲ್ಲ ಬಣ್ಣ ಬಳಿಯುವುದು ಅವನ ಧರ್ಮ.

ಕೊರಿಯಾದ ಹಾದಿಯಲ್ಲಿ, ಅಲೂಷಿಯನ್ ದ್ವೀಪಗಳನ್ನು ದಾಟುವ ಮೊದಲೇ, ಹಗ್ಗಗಳು ಹಿಮಗಟ್ಟಿದ್ದ ಒಂದು ಬೆಳಿಗ್ಗೆ, ಫಿರಂಗಿ ಹೊಡೆದಂಥ ಸದ್ದಾಯಿತು. ಕ್ಯಾಪ್ಟನ್ನನ ನಂತರದ ಅಧಿಕಾರಿ, ಚೀಫ್ ಮೇಟ್ ಟ್ಯಾನ್ಸಿ ಓಡಿಬಂದ. ಡೆಕ್ಕಿನಲ್ಲಿ ಸರಕು ಇಳಿಸುವ ಚೌಕ ಬಾಯಿಯ ಮೂಲೆಯಿಂದ ಹೊರಟ ಬಿರುಕು ಹಡಗಿನ ಅಂಚಿನತ್ತ ಹರಿದಿತ್ತು. ಅಂಚು ಮುಟ್ಟಿದರೆ ಹಡಗು ಎರಡು ಹೋಳು.

"ಬೆಸುಗೆ ಹಾಕಿಬಿಡೋಣ್ವಾ ಸಾರ್?" ಲಿಂಡ್‌ಕ್ವಿಸ್ಟ್ ಕೇಳಿದ.

"ಕೆಳಗಿರೋದು ಫಿರಂಗಿ ಶೆಲ್ಲುಗಳು ಕಣಯ್ಯ. ಒಂದು ಕಿಡಿ ಬಿದ್ರೆ ನಾವು ಬರ್ತಿರೋ ಸುದ್ದಿ ಕೊರಿಯಾಕ್ಕೆ ಇಲ್ಲಿಂದ್ಲೇ ಕೇಳ್ಸುತ್ತೆ. ಬೈರಿಗೆ ತಗೊಂಬಾ."

ಉಪಾಯ ಒಂದೇ: ಬಿರುಕಿನ ತುದಿಗೆ ಸರಿಯಾಗಿ ಗುಂಡನೆಯ ತೂತು ಕೊರೆಯುವುದು. ಚೂಪು ತುದಿಯ ಬದಲು ಗುಂಡನೆಯ ಅಂಚು ಸಿಕ್ಕರೆ ಬಿರುಕು ಅಲ್ಲೇ ಸುಮ್ಮನಾಗುತ್ತದೆ. ಇಬ್ಬರೂ ಮಂಡಿಯೂರಿ, ಕೈ ಮರಗಟ್ಟುವವರೆಗೆ ತಿರುವಿ ಕೊರೆದರು. ಮುಂದಿನ ಅಲೆಗೆ ಹಡಗು ನರಳಿ ಬಾಗಿತು. ಬಿರುಕು ತೂತಿನ ಆಚೆ ಗೇಣುದ್ದ ಬಾಯಿ ಬಿಟ್ಟಿತು.

"ತುದೀಲೇ ಕೊರೆದ್ವಲ್ಲ ಸಾರ್!"

ಟ್ಯಾನ್ಸಿ ಉಗುರಿನಿಂದ ಬಣ್ಣ ಕೆರೆದ. ರಬ್ಬರಿನಂತೆ ಎದ್ದು ಬಂತು. "ತುದೀಲಲ್ಲ. ನಿನ್ನ ಬಣ್ಣ ಎಲ್ಲಿವರೆಗೆ ಒಡೆದಿತ್ತೋ ಅಲ್ಲಿ ಕೊರೆದ್ವಿ. ಉಕ್ಕಿನ ಬಿರುಕು ಅದರಡೀಲಿ ಇನ್ನೂ ಮುಂದಕ್ಕೆ ಹೋಗಿತ್ತು. ಎಷ್ಟು ಕೋಟು ಬಳಿದೆ ಪುಣ್ಯಾತ್ಮ?"

"ತಪಾಸಣೆ ಅಂತ... ಸ್ವಲ್ಪ ಧಾರಾಳವಾಗೇ."

ಬಣ್ಣವನ್ನೆಲ್ಲ ಹೆರೆದು, ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣ ತಿಕ್ಕಿದರು. ಬಿಳಿಯ ಮೇಲೆ ಬಿರುಕಿನೊಳಗಿಳಿದ ಎಣ್ಣೆ ಒಸರಿ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು. ಗೆರೆ ನಿಂತದ್ದು ಹಡಗಿನ ಅಂಚಿಗೆ ಒಂದು ಮೊಳ ಈಚೆ. ಬೈರಿಗೆ ಮತ್ತೆ ಕಚ್ಚಿತು. ಅದು ಉಕ್ಕನ್ನು ತೂರಿ ಆಚೆ ಬಿದ್ದಾಗಲೇ ದೊಡ್ಡ ಅಲೆ ಹಡಗನ್ನು ಎತ್ತಿತು. ಉಕ್ಕು ಕಿರುಗುಟ್ಟಿತು. ಟ್ಯಾನ್ಸಿ ತೂತಿನ ಆಚೆಯ ಸುಣ್ಣವನ್ನೇ ನೋಡಿದ.

ಬಿಳಿ ಬಿಳಿಯಾಗಿಯೇ ಉಳಿಯಿತು.

ಕೊರಿಯಾದ ಪುಸಾನ್ ಬಂದರಿನಲ್ಲಿ ಸೈನ್ಯದ ಅಧಿಕಾರಿ ಹಡಗು ಹತ್ತುವ ಹೊತ್ತಿಗೆ, ಲಿಂಡ್‌ಕ್ವಿಸ್ಟ್ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಆ ತೂತಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಟ್ಯಾನ್ಸಿ ಬ್ರಷ್ಷಿಗೆ ಅಡ್ಡವಾಗಿ ತೂತಿನ ಪಕ್ಕದಲ್ಲೇ ಬೂಟೂರಿ ನಿಂತ.

"ಸಾಹೇಬ್ರು ಬರ್ತಿದಾರೆ ಸಾರ್. ಅಸಹ್ಯವಾಗಿ ಕಾಣುತ್ತೆ."

"ಕಾಣ್ಲಿ."